ತಿಂಗಳ ಕೊನೆಯ ರೆಪ್

ಇಸ್ತ್ರಿ ಮುರಿಯದ ಅಂಗಿ, ಹೆಗಲಿಗೆ ಭಾರದ ಬ್ಯಾಗು, ಕಣ್ಣು ಮೊಬೈಲಿನಲ್ಲಿ, ಕಿವಿ ಕಾಂಪೌಂಡರನ ಕಡೆ: ಮೆಡಿಕಲ್ ರೆಪ್ ಎಂದು ಗುರುತಿಸಲು ಇಷ್ಟು ಸಾಕು. ಜ್ವರದಲ್ಲಿ ಕೂತವರ ಸರದಿ ದಾಟಿ ‘ಎರಡೇ ನಿಮಿಷ’ ಎಂದು ಒಳನುಗ್ಗುವವನ ಮೇಲೆ ಸಿಟ್ಟು ಬರದಿದ್ದರೆ ನಿಮಗೆ ಜ್ವರವೇ ಇಲ್ಲ. ಆದರೆ ಈ ಅವಸರ, ಅಳಿಸದ ನಗು ಅವನ ಹುಟ್ಟುಗುಣವಲ್ಲ, ಸಂಬಳದ ಚೀಟಿ ಕಲಿಸಿದ್ದು. ಮೂಲ ಸಂಬಳದ ಜೊತೆ ಅಲ್ಲಿ ದಿನಭತ್ಯೆಯ ಭೂಗೋಳವೇ ಇದೆ. ಹುಬ್ಬಳ್ಳಿ ಹೆಡ್‌ಕ್ವಾರ್ಟರ್ ಆದವನಿಗೆ ಊರೊಳಗೆ ಒಂದು ದರ, ಗದಗಕ್ಕೆ ಹೋಗಿ ಸಂಜೆ ಮರಳಿದರೆ ಎಕ್ಸ್‌ಸ್ಟೇಷನ್ ದರ, ಇಳಕಲ್ಲಿನಲ್ಲಿ ರಾತ್ರಿ ಉಳಿದರೆ ಔಟ್‌ಸ್ಟೇಷನ್ ದರ. ಅಗ್ಗದ ಲಾಡ್ಜಿನ ಸೊಳ್ಳೆಗಳಿಗೆ ರಕ್ತ ಕೊಟ್ಟು ಉಳಿಸಿದ್ದು ಮಗಳ ಶಾಲೆಯ ಫೀಸಿಗೆ ಸೇರುತ್ತದೆ.

ನಿಜವಾದ ತಮಾಷೆ ಮಾರಾಟದ ಮೇಲೆ ಸಿಗುವ ಇನ್ಸೆಂಟಿವಿನದು. ಔಷಧಿ ಬರೆಯುವ ಡಾಕ್ಟರು ಅದನ್ನು ಕೊಳ್ಳುವುದಿಲ್ಲ, ಕೊಳ್ಳುವ ರೋಗಿ ಆರಿಸುವುದಿಲ್ಲ. ಹಾಗಾಗಿ ಅನೇಕ ಕಂಪನಿಗಳು ಸ್ಟಾಕಿಸ್ಟನಿಗೆ, ಅಂದರೆ ಸಗಟು ವ್ಯಾಪಾರಿಗೆ, ಹೋದ ಬಿಲ್ಲನ್ನೇ ಮಾರಾಟವೆಂದು ಎಣಿಸುತ್ತವೆ. ತಿಂಗಳ ಕೊನೆಯ ಸಂಜೆ ನಮ್ಮ ರೆಪ್ ಸಿಗುವುದು ಡಾಕ್ಟರ ಬಾಗಿಲಲ್ಲಲ್ಲ, ಸ್ಟಾಕಿಸ್ಟನ ಮುಂದೆ: “ಅಣ್ಣಾರ, ಎರಡು ಬಾಕ್ಸ್ ಜಾಸ್ತಿ ತಗೋರಿ, ಮುಂದಿನ ತಿಂಗಳ ನಾನ ಖಾಲಿ ಮಾಡಸ್ತೀನಿ.” “ಹ್ವಾದ ತಿಂಗಳದ್ದ ರ‍್ಯಾಕಿನ್ಯಾಗ ಕುಂತೈತಲ್ಲೋ ತಮ್ಮಾ!” ಅವಧಿ ಮೀರಿ ಆ ಬಾಕ್ಸುಗಳು ವಾಪಸು ಬಂದಾಗ ಅದೇ ಲೆಕ್ಕಕ್ಕೆ ಕತ್ತರಿ.

ಇನ್ಸೆಂಟಿವ್ ಇಲ್ಲದೆ ಬಿಸಿಲಲ್ಲಿ ಯಾರು ಅಲೆಯುತ್ತಾರೆ ಎಂಬ ಮಾತುಂಟು. ಸೀರೆ ಅಂಗಡಿಯವನ ಮಟ್ಟಿಗೆ ಅದು ಸರಿ. ಕೊಳ್ಳುವವರು ಎದುರಿಗೇ ಕೂತಿರುತ್ತಾರೆ. ರೆಪ್ಪಿನ ಕೆಮ್ಮಿನ ಸಿರಪ್ಪು ಮಾತ್ರ ಮಳೆಗಾಲದ ಮರ್ಜಿಯಲ್ಲಿದೆ. ಮೇಲಾಗಿ ಈ ವರ್ಷ ಟಾರ್ಗೆಟ್ ಮುಟ್ಟಿದವನಿಗೆ ಬರುವ ವರ್ಷ ಟಾರ್ಗೆಟ್ಟೇ ಏರುತ್ತದೆ! ಕಾನೂನಿಲ್ಲವೇ ಎನ್ನಬಹುದು. 1976ರ ಕೇಂದ್ರ ಕಾಯ್ದೆ ರೆಪ್‌ಗಳಿಗೆ ನೇಮಕಪತ್ರ, ರಜೆ ಕೊಡಿಸಿತು. ಟಾರ್ಗೆಟ್ ಹೇಗಿರಬೇಕೆಂದು ಹೇಳಲಿಲ್ಲ. 2024ರ ಔಷಧ ಮಾರಾಟ ಸಂಹಿತೆ ಡಾಕ್ಟರಿಗೆ ಉಡುಗೊರೆ ಬೇಡ, ಭೇಟಿಗಾಗಿ ಆಮಿಷ ಬೇಡ ಎಂದಿತು. ಬರಿಗೈಲಿ ಹೋಗಬೇಕಾದವನ ಟಾರ್ಗೆಟ್ಟನ್ನು ಅದೂ ಮುಟ್ಟಲಿಲ್ಲ.

ಬಡ್ತಿ ಸಿಕ್ಕಿ ಏರಿಯಾ ಮ್ಯಾನೇಜರ್ ಆದರೆ ಅವನ ಇನ್ಸೆಂಟಿವ್ ಕೈಕೆಳಗಿನ ಹುಡುಗರ ಒಟ್ಟು ಮಾರಾಟದ ಮೇಲೆ. ಆಮೇಲೆ ರಾತ್ರಿ ಒಂಬತ್ತಕ್ಕೆ, ಊಟದ ತಟ್ಟೆಯ ಮುಂದೆ ಕೂತ ಹುಡುಗನಿಗೆ ಫೋನ್ ಹಚ್ಚಿ “ಕ್ಲೋಸಿಂಗ್ ಎಷ್ಟಾತು?” ಎಂದು ಕೇಳುವವನು ಇವನೇ.