ಬೆಳಿಗ್ಗೆ ಹೋಗಿ ರಾತ್ರಿ ಬರುವ ಯಾತ್ರೆ

ದೇವರ ದರ್ಶನ ಸುಲಭವಾಗಿ ಸಿಕ್ಕಿಬಿಟ್ಟರೆ ಭಕ್ತನಿಗೂ ಅನುಮಾನ, ಪೂಜಾರಿಗೂ ನಷ್ಟ. ಪೆರುವಿನ ಚಾವಿನ್ ದೆ ವಾಂತಾರ್‌ನ ಪೂಜಾರಿಗಳಿಗೆ ಈ ಗುಟ್ಟು ಸುಮಾರು ಮೂರು ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು. ಗೊತ್ತಿಲ್ಲದಿರುವುದು ನಮ್ಮಂಥ ಒಂದು ದಿನದ ಯಾತ್ರಿಕರಿಗೆ.

ನಾವು ಹೊರಟಿದ್ದು ವಾರಾಸ್ ಪಟ್ಟಣದಿಂದ, ರಾತ್ರಿ ಊಟದ ಹೊತ್ತಿಗೆ ವಾಪಸ್ ತಂದು ಬಿಡುವ ವ್ಯಾನಿನಲ್ಲಿ. ವಾರಾಸ್ ಇರುವುದೇ 3,050 ಮೀಟರ್ ಎತ್ತರದಲ್ಲಿ. ರಸ್ತೆಗೆ ಅಷ್ಟು ಸಾಲದೆ ಇನ್ನೂ ಏರುತ್ತದೆ. ಕೆರೋಕೋಚಾ ಸರೋವರದ ಬಳಿ ವ್ಯಾನು ನಿಂತಿತು. ಎದುರಿನ ಬೆಟ್ಟದ ಮೇಲೆ ಪೆರು ದೇಶದ ನಕ್ಷೆ ಕಾಣುತ್ತದೆ ನೋಡಿ ಎಂದ ಗೈಡ್. ಬೆಟ್ಟದಲ್ಲಿ ಬೇಕಾದ್ದನ್ನು ಕಾಣಿಸುವುದು ಎಲ್ಲ ದೇಶದ ಗೈಡುಗಳಿಗೂ ಇರುವ ಹಕ್ಕು. ಎಲ್ಲರೂ ತಲೆಯಾಡಿಸಿದೆವು. ಆ ಎತ್ತರದಲ್ಲಿ ವಾದಕ್ಕೆ ಉಸಿರು ಸಾಲದು. ಮುಂದೆ ಸುಮಾರು 4,500 ಮೀಟರ್ ಎತ್ತರದ ಕವಿಶ್ ಸುರಂಗ. ಅದರಾಚೆ ತೋಳು ಚಾಚಿ ನಿಂತ ದೊಡ್ಡ ಕ್ರಿಸ್ತ. ಹಳೆಯ ದೇವರ ಸರಹದ್ದಿಗೆ ಹೊಸ ದೇವರ ಕಾವಲು. ಅಲ್ಲಿಂದ ತಿರುವು ತಿರುವಾಗಿ ಇಳಿದರೆ ಮೊಸ್ನಾ ಮತ್ತು ವಾಚೆಕ್ಸಾ ನದಿಗಳ ಸಂಗಮ, ಅದರ ಪಕ್ಕದಲ್ಲೇ ಗುಡಿ.

ಹೊರಗಿನಿಂದ ನೋಡಿದರೆ ಅರ್ಧ ಕುಸಿದ ಕಲ್ಲಿನ ದಿಬ್ಬ. ಜಾಣತನವೆಲ್ಲ ಹೊಟ್ಟೆಯೊಳಗಿದೆ. ಒಳಗೆ ಕವಲೊಡೆಯುವ ಕಿರಿದಾದ ಕಲ್ಲಿನ ಓಣಿಗಳು, ಗಾಳಿಕಿಂಡಿಗಳು, ನೆಲದಡಿ ಕಾಲುವೆಗಳು. ಆ ಕಾಲುವೆಗಳಲ್ಲಿ ನೀರು ನುಗ್ಗಿಸಿ ಇಡೀ ಗುಡಿಯೇ ಗರ್ಜಿಸುವಂತೆ ಮಾಡುತ್ತಿದ್ದರು ಎಂದು 1970ರ ದಶಕದಲ್ಲಿ ಪುರಾತತ್ವಜ್ಞ ಲೂಯಿಸ್ ಲುಂಬ್ರೆರಾಸ್ ಮತ್ತು ಅವರ ಸಂಗಡಿಗರು ವಾದಿಸಿದರು. 2001ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಜಾನ್ ರಿಕ್ ಅವರ ತಂಡಕ್ಕೆ ಇಂಥದೊಂದು ಓಣಿಯಲ್ಲಿ 20 ಶಂಖಗಳು ಸಿಕ್ಕವು. ಊದಿ ಊದಿ, ಹಿಡಿದು ಹಿಡಿದು ಸವೆದ ಶಂಖಗಳು. ಈ ಜಾತಿಯ ಶಂಖ ಇಕ್ವೆಡಾರ್ ಕಡೆಯ ಬೆಚ್ಚನೆಯ ಸಮುದ್ರದ್ದು. ಅದನ್ನು ಹೊತ್ತು ಈ ಬೆಟ್ಟಗಳನ್ನು ಹತ್ತಿದವರಿದ್ದರು. ನಾವು ಹೊತ್ತು ತಂದದ್ದು ಬಿಸ್ಕತ್ತಿನ ಪೊಟ್ಟಣ.

ಇಷ್ಟೂ ಸಾಲದೆಂದು ನಶ್ಯ ಬೇರೆ! ಇಲ್ಲಿ ಸಿಕ್ಕ ಮೂಳೆಯ ಕೊಳವೆಗಳಲ್ಲಿ ಕಾಡು ತಂಬಾಕಿನ ಮತ್ತು ಅಮಲೇರಿಸುವ ವಿಲ್ಕಾ ಗಿಡದ ಅಂಶ ಇತ್ತೆಂದು 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕೊಳವೆಗಳು ಸಿಕ್ಕಿದ್ದು ಕೆಲವರಷ್ಟೇ ಹಿಡಿಸುವ ಒಳಕೋಣೆಗಳಲ್ಲಿ. ಎಂದರೆ ಸಾಮಾನ್ಯರಿಗೆ ಅಂಗಳದ ಶಂಖನಾದ, ಗಣ್ಯರಿಗೆ ವಿಶೇಷ ದರ್ಶನ. ಗುಡಿಯ ಗೋಡೆಯಿಂದ ಚಾಚಿಕೊಂಡಿದ್ದ ಕಲ್ಲಿನ ತಲೆಗಳಲ್ಲಿ ಕೆಲವಕ್ಕೆ ಮೂಗಿನಿಂದ ಸಿಂಬಳ ಇಳಿಯುತ್ತಿರುವುದನ್ನೂ ಶಿಲ್ಪಿ ನಿಷ್ಠೆಯಿಂದ ಕೆತ್ತಿದ್ದಾನೆ, ನಶ್ಯದ ಪ್ರಭಾವವಂತೆ. ಈಗ ತನ್ನ ಜಾಗದಲ್ಲೇ ಉಳಿದಿರುವುದು ಒಂದೇ ತಲೆ. ಅದರ ಕೆಳಗೆ ನಾವೂ ಕರವಸ್ತ್ರ ಹಿಡಿದು ನಿಂತಿದ್ದೆವು. ನಮ್ಮದು ಬರೀ ನೆಗಡಿ.

ನಡುವಿನ ಕತ್ತಲಲ್ಲಿ ಲಾನ್ಸೋನ್, ನಾಲ್ಕೂವರೆ ಮೀಟರ್ ಎತ್ತರದ ಗ್ರಾನೈಟ್ ದೇವರು. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಕೂದಲೆಲ್ಲ ಹಾವು, ಬಾಯಲ್ಲಿ ಕೋರೆಹಲ್ಲು. ತುಟಿಯ ಅಂಚು ಮೇಲಕ್ಕೆ ತಿರುಗಿರುವುದರಿಂದ ನಗುತ್ತಿದೆಯೋ ಗುರುಗುಟ್ಟುತ್ತಿದೆಯೋ ತಿಳಿಯದು. ತೀರ್ಮಾನಕ್ಕೆ ಬರುವಷ್ಟರಲ್ಲಿ ಹಿಂದಿನವರು “ಪೆರ್ಮಿಸೋ, ಪೆರ್ಮಿಸೋ” ಎಂದು ಮುಂದೆ ತಳ್ಳಿದರು. ಸಾಲಿನಲ್ಲಿ ನಿಂತು ಬೆಳೆದ ನನಗೆ ಇದರಿಂದ ಬೇಸರವೇನೂ ಆಗಲಿಲ್ಲ. ಈಗ ನಿಜವಾಗಿ ದರ್ಶನವಾಯಿತು ಅನ್ನಿಸಿತು.

ಆದರೂ ಹೊಟ್ಟೆಕಿಚ್ಚು ಹುಟ್ಟಿಸಿದವನು ಬೇರೊಬ್ಬ. 19ನೇ ಶತಮಾನದಲ್ಲಿ ಈ ಊರಿನ ರೈತನೊಬ್ಬನಿಗೆ ನುಣ್ಣನೆಯ ಉದ್ದದ ಕಲ್ಲು ಸಿಕ್ಕಿತಂತೆ. ಒಯ್ದು ಮನೆಯಲ್ಲಿ ಊಟದ ಮೇಜು ಮಾಡಿಕೊಂಡ. ಮುಂದೆ ಅಂತೋನಿಯೋ ರೈಮೊಂದಿ ಎಂಬ ಇಟಲಿಯ ವಿದ್ವಾಂಸ ಬಂದು ನೋಡಿದರೆ, ಅದರ ಮೇಲೆ ಎರಡೂ ಕೈಯಲ್ಲಿ ದಂಡ ಹಿಡಿದ ಚಾವಿನ್ ದೇವರು! 1874ರಲ್ಲಿ ಅದನ್ನು ಲಿಮಾಕ್ಕೆ ಸಾಗಿಸಿದರು. ಶಂಖವಿಲ್ಲ, ನಶ್ಯವಿಲ್ಲ, ಸುರಂಗವಿಲ್ಲ. ವರ್ಷಗಟ್ಟಲೆ ದೇವರ ಪಂಕ್ತಿಯಲ್ಲೇ ಆಲೂಗಡ್ಡೆ ಸುಲಿದು ತಿಂದಿದ್ದಾನೆ ಪುಣ್ಯಾತ್ಮ.