ಸುಂಕದಕಟ್ಟೆ ಎಂಬ ವಿದ್ಯಾನಗರಿ: ಪ್ರೇಕ್ಷಣೀಯ ಸ್ಥಳಗಳನ್ನು ಕುರಿತ ಒಂದು ಸಂಶೋಧನಾ ಪ್ರಬಂಧ

ಪೂರ್ವಪಕ್ಷ

“ಸುಂಕದಕಟ್ಟೇಲಿ ನೋಡೋಕೆ ಏನಿದೆ?” ಈ ಪ್ರಶ್ನೆಯನ್ನು ಮೊದಲು ಮಾರ್ಗದರ್ಶಕರು ಕೇಳಿದರು. ಆಮೇಲೆ ಸ್ನೇಹಿತರು ಕೇಳಿದರು. ಭಾನುವಾರ ಬೆಳಿಗ್ಗೆ ಪ್ರಸ್ತುತ ಸಂಶೋಧಕನು ಹೆಗಲಿಗೆ ಚೀಲ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿರುವಾಗ ಅವನ ಹೆಂಡತಿಯೂ ಕೇಳಿದಳು. ಮೂರು ದನಿಗಳಲ್ಲೂ ಜಿಜ್ಞಾಸೆಗಿಂತ ಮರುಕವೇ ಹೆಚ್ಚಾಗಿತ್ತು. ಮಹತ್ವದ ಸಂಶೋಧನೆಗಳೆಲ್ಲ ಇಂಥ ಮರುಕದಲ್ಲೇ ಹುಟ್ಟುತ್ತವೆ ಎಂದು ತಿಳಿದಿದ್ದರಿಂದ ಸಂಶೋಧಕನು ಉತ್ತರಿಸದೆ ಮೆಟ್ಟಿಲಿಳಿದನು.

ಸಿದ್ಧಾಂತ ಇಷ್ಟು: ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿಯನ್ನು ದಾಟಿದ ಮೇಲೆ ಸಿಗುವ ಸುಂಕದಕಟ್ಟೆಯು ಒಂದು ಐತಿಹಾಸಿಕ ವಿಶ್ವವಿದ್ಯಾಲಯ ಪಟ್ಟಣ. ಅದರ ಪ್ರೇಕ್ಷಣೀಯ ಸ್ಥಳಗಳು ಆಕ್ಸ್‌ಫರ್ಡಿಗಾಗಲಿ ಕೇಂಬ್ರಿಡ್ಜಿಗಾಗಲಿ ಕಡಿಮೆಯಿಲ್ಲ. ಈ ಮಾತನ್ನು ಹಿಂದೆ ಯಾರೂ ಹೇಳದಿರುವುದೇ ಪ್ರಬಂಧದ ಸ್ವೋಪಜ್ಞತೆಗೆ ಸಾಕ್ಷಿ.

ನಾಮನಿರುಕ್ತಿ

‘ಸುಂಕ’ವು ಸಂಸ್ಕೃತದ ‘ಶುಲ್ಕ’ದಿಂದ ಬಂದ ತದ್ಭವ. ಶುಲ್ಕ ಕಟ್ಟಿಸಿಕೊಳ್ಳುವುದು ಇಂದು ಮುಖ್ಯವಾಗಿ ವಿದ್ಯಾಸಂಸ್ಥೆಗಳ ಕೆಲಸವಾದ್ದರಿಂದ, ಊರಿಗೂ ವಿದ್ಯೆಗೂ ಇರುವ ನಂಟು ಹೆಸರಿನ ಮೊದಲ ಎರಡಕ್ಷರದಲ್ಲೇ ಸಿದ್ಧವಾಯಿತು. ಪ್ರಬಂಧವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಪುಟಸಂಖ್ಯೆಗೂ ಒಂದು ಕನಿಷ್ಠ ಮಿತಿಯಿದೆ.

‘ಕಟ್ಟೆ’ಯ ವಿಷಯ ಜಟಿಲ. ಅರಳಿಕಟ್ಟೆ, ಕೆರೆಕಟ್ಟೆ, ಹರಟೆಕಟ್ಟೆ ಮುಂತಾದ ಪ್ರಯೋಗಗಳನ್ನು ಹಿಂದಿನವರು ಚರ್ಚಿಸಿದ್ದಾರೆ. ಚಾಲುಕ್ಯರ ಕಾಲದ ಶಾಸನಗಳು ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳನ್ನು ಎಣಿಸುವಾಗ ಅವನ್ನು ವಸೂಲು ಮಾಡುವವನು ಕೂರಲು ಒಂದು ಕಟ್ಟೆ ಬೇಡವೆ ಎಂದು ಅವರು ವಾದಿಸುತ್ತಾರೆ. ಬೇಕು, ಒಪ್ಪೋಣ. 12ನೇ ಶತಮಾನದ ಶರಣ ಸುಂಕದ ಬಂಕಣ್ಣನ ಕಾಯಕವೇ ಅದಾಗಿತ್ತು. ಆತ ವಚನಗಳಲ್ಲಿ ಭಕ್ತಿಯ ಲೆಕ್ಕವನ್ನೂ ಸುಂಕದ ಭಾಷೆಯಲ್ಲೇ ಹೇಳಿದವನು. ಬಜಪೆಯ ಬಳಿಯೂ ಒಂದು ಸುಂಕದಕಟ್ಟೆಯಿದೆ. ಆ ಊರಿನ ಹೆಸರಿನ ಯಕ್ಷಗಾನ ಮೇಳ ಕರಾವಳಿಯವರಿಗೆಲ್ಲ ಗೊತ್ತು. ನಮ್ಮ ಸುಂಕದಕಟ್ಟೆಗೆ ಮೇಳವಿಲ್ಲ. ಆದರೆ ಸಂಜೆ ಏಳಕ್ಕೆ ಸಿಗ್ನಲ್ಲಿನಲ್ಲಿ ನಿಂತು ನೋಡಿದವರು ಆ ಕೊರತೆಯನ್ನು ಎತ್ತಿ ಹೇಳುವುದಿಲ್ಲ. ಚೆಂಡೆಯ ಸ್ಥಾನದಲ್ಲಿ ಹಾರನ್ನು, ಬಣ್ಣದ ವೇಷದ ಸ್ಥಾನದಲ್ಲಿ ಟೆಂಪೊ, ಮತ್ತು ಬೆಳಗಿನವರೆಗೆ ಮುಗಿಯದ ಪ್ರಸಂಗ.

ಪ್ರಸ್ತುತ ಸಂಶೋಧಕನ ಅಭಿಪ್ರಾಯ ಬೇರೆ. ‘ಒಲ್ಲೆ’, ‘ಅರಿಯೆ’ ಎಂಬಂತೆ ‘ಕಟ್ಟೆ’ ಕೂಡ ನಿಷೇಧಾರ್ಥಕ ಕ್ರಿಯಾಪದ. ನಾನು ಕಟ್ಟೆ, ಎಂದರೆ ಕಟ್ಟಲಾರೆ. ‘ಸುಂಕವ ಕಟ್ಟೆ’ ಎಂದು ಯಾವನೋ ಪ್ರಯಾಣಿಕ ಈ ಜಾಗದಲ್ಲಿ ನಿಂತು ಕೂಗಿರಬೇಕು. ಈ ಊಹೆಗೆ ಪಕ್ಕದ ‘ವಿಶ್ವನೀಡಂ’ ಎಂಬ ಸ್ಥಳನಾಮ ಬಲವಾದ ಆಧಾರ ಒದಗಿಸುತ್ತದೆ. ಸಾಮಾನ್ಯರು ಇದನ್ನು ‘ವಿಶ್ವಕ್ಕೆಲ್ಲ ಒಂದೇ ಗೂಡು’ ಎಂಬ ಅರ್ಥದ ವೇದವಾಕ್ಯಕ್ಕೆ, ರವೀಂದ್ರನಾಥ ಠಾಕೂರರು ವಿಶ್ವಭಾರತಿಗೆ ಧ್ಯೇಯವಾಗಿ ಆರಿಸಿದ ಅದೇ ವಾಕ್ಯಕ್ಕೆ, ಜೋಡಿಸುತ್ತಾರೆ. ವಿಶ್ವವಿದ್ಯಾಲಯವೊಂದರ ಧ್ಯೇಯವಾಕ್ಯ ಪಿನ್‌ಕೋಡಿನ ಪಕ್ಕದಲ್ಲೇ ಕೂತಿರುವ ಊರು ಬೇರೆಲ್ಲಿದೆ, ತೋರಿಸಿ. ಆದರೂ 13ನೇ ಶತಮಾನದ ಕೇಶಿರಾಜನ ವ್ಯಾಕರಣವನ್ನು ಓದಿಕೊಂಡವರಿಗೆ ‘ಮಾಡಂ’ ಎಂದರೆ ಅವನು ಮಾಡುವುದಿಲ್ಲ ಎಂದು ಗೊತ್ತಿರುತ್ತದೆ. ಅದೇ ನ್ಯಾಯದಿಂದ ‘ವಿಶ್ವ ನೀಡಂ’, ವಿಶ್ವ ಎಂಬವನು ಕೊಡುವುದಿಲ್ಲ. ಕರ್ತೃಪದದಲ್ಲಿ ವಿಭಕ್ತಿ ಪ್ರತ್ಯಯ ಬಿಟ್ಟುಹೋಗಿದೆಯಲ್ಲ ಎಂದರೆ, ಅದನ್ನು ಲಿಪಿಕಾರನ ತಲೆಗೆ ಕಟ್ಟುವುದು ನಮ್ಮ ಶಾಸ್ತ್ರದಲ್ಲಿ ಸಮ್ಮತ. ಹೀಗೆ ಸುಂಕ ಕೊಡದೆ ಹೋದ ಆ ಪ್ರಯಾಣಿಕನ ಹೆಸರೂ ಸಿಕ್ಕಂತಾಯಿತು.

ಇನ್ನು ಪಾಠಾಂತರಗಳು. ಅಂಗಡಿ ಬೋರ್ಡುಗಳ ಪ್ರತಿಗಳನ್ನು ಪರಿಶೀಲಿಸಿದಾಗ ‘ಸುಂಕದಕಟ್ಟೆ’, ‘ಸುಂಕದ ಕಟ್ಟೆ’, ‘ಸುಂಕಡಕಟ್ಟೆ’ ಎಂಬ ಮೂರು ಪಾಠಗಳು ದೊರೆತವು. ಮೂರನೆಯದು ಇಂಗ್ಲಿಷ್ ಅಕ್ಷರಗಳ ಮೂಲಕ ಹೋಗಿ ಮರಳಿ ಕನ್ನಡಕ್ಕೆ ಬಂದ ಪಾಠ. ಅದು ಒಂದು ಫ್ಲೆಕ್ಸಿನಲ್ಲಿ ಮಾತ್ರ ಕಂಡದ್ದರಿಂದ ಪ್ರಕ್ಷಿಪ್ತ ಎಂದು ಕೈಬಿಡಲಾಗಿದೆ.

ಸುಂಕತ್ರಯ

ಮಾಗಡಿ ರಸ್ತೆಯ ಒಂದು ವಿಸ್ಮಯವನ್ನು ವಿದ್ವಾಂಸರು ಗಮನಿಸಿಲ್ಲ. ನಗರದ ಕಡೆಯಿಂದ ಹೊರಟರೆ ವಿಜಯನಗರದ ಹತ್ತಿರ ‘ಟೋಲ್‌ಗೇಟ್’ ಎಂಬ ಜಾಗವಿದೆ. ಅಲ್ಲಿ ಟೋಲಿಲ್ಲ, ಗೇಟೂ ಇಲ್ಲ. ಮುಂದೆ ಸುಂಕದಕಟ್ಟೆ. ಇಲ್ಲಿ ಸುಂಕವೂ ಇಲ್ಲ, ಕಟ್ಟೆಯೂ ಇಲ್ಲ. ಇನ್ನೂ ಪಶ್ಚಿಮಕ್ಕೆ ಹೋದರೆ ನೈಸ್ ರಸ್ತೆ ಸಿಗುತ್ತದೆ. ಅದನ್ನು ಹತ್ತುವವರಿಗೆ ಟೋಲೂ ಉಂಟು, ಗೇಟೂ ಉಂಟು, ಆದರೆ ಆ ಜಾಗದ ಹೆಸರಿನಲ್ಲಿ ಸುಂಕದ ಸೊಲ್ಲಿಲ್ಲ. ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಎಚ್ಚರಿಕೆ ಕೊಟ್ಟು, ಮೂರನೆಯ ಸಲ ಮಾತಿಲ್ಲದೆ ವಸೂಲು ಮಾಡುವ ಈ ಕ್ರಮವು ಧರ್ಮಶಾಸ್ತ್ರಕ್ಕೆ ಅನುಗುಣವಾಗಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಈ ರಸ್ತೆಯಲ್ಲಿ ಹುಟ್ಟಿರಲಾರದು. ಹೆದ್ದಾರಿಗಳ ಈಗಿನ ಕಟ್ಟೆಗಳಲ್ಲಿ ಫಾಸ್ಟ್ಯಾಗ್ ಓದುವ ಯಂತ್ರ ಇರುತ್ತದೆ, ದುಃಖ ಹೇಳಿಕೊಳ್ಳುವ ಮೊದಲೇ ಕಡ್ಡಿ ಎದ್ದುಬಿಡುತ್ತದೆ.

1638ರಲ್ಲಿ ರಣದುಲ್ಲಾ ಖಾನನ ಬಿಜಾಪುರ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ನೆಲೆ ಬದಲಿಸಿತು. ಬೆಂಗಳೂರನ್ನು ಕಟ್ಟಿದವರ ವಂಶವೇ ಬಾಡಿಗೆ, ನೀರು, ನೆರೆಹೊರೆ ಸರಿಹೋಗದೆ ಮಾಗಡಿ ದಿಕ್ಕಿಗೆ ಮನೆ ಸಾಗಿಸಿತೆಂದರೆ, ಇಂದು ರಾಜಾಜಿನಗರ ಬಿಟ್ಟು ಸುಂಕದಕಟ್ಟೆಯಲ್ಲಿ ಮನೆ ಹುಡುಕುವವರು ನಾಚಬೇಕಿಲ್ಲ.

ತೌಲನಿಕ ಅಧ್ಯಯನ

ಆಕ್ಸ್‌ಫರ್ಡ್ ಎಂಬ ಹೆಸರಿನ ಅರ್ಥ ‘ಎತ್ತುಗಳು ಹೊಳೆ ಹಾಯುವ ಜಾಗ’. ನಮ್ಮಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಅಂಚಿನಲ್ಲಿ, ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವುದು ವೃಷಭಾವತಿ. ಎತ್ತಿನ ಹೊಳೆ! ಹೊಳೆ ಹಾಯ್ದ ಎತ್ತುಗಳು ಸಂಜೆ ಎಲ್ಲಿಗೆ ಹೋಗಬೇಕು? ಸುಂಕದಕಟ್ಟೆಗೆ ಅಂಟಿಕೊಂಡೇ ಕೊಟ್ಟಿಗೆಪಾಳ್ಯವಿದೆ. ಆಕ್ಸ್‌ಫರ್ಡಿನವರು ಎತ್ತನ್ನು ಹೊಳೆ ದಾಟಿಸಿ ಕೈಬಿಟ್ಟರು. ಕಟ್ಟಿಹಾಕಲು ಕೊಟ್ಟಿಗೆಯನ್ನೂ ಯೋಚಿಸಿದವರು ನಾವು. ವೃಷಭಾವತಿಯ ವಾಸನೆಯ ಪ್ರಶ್ನೆಯನ್ನು ವಿರೋಧಿಗಳು ಎತ್ತಬಹುದು. ಅದಕ್ಕೆಂದೇ ಹಿರಿಯರು ನಡುವೆ ಶ್ರೀಗಂಧದ ಕಾವಲನ್ನು ಇಟ್ಟಿದ್ದಾರೆ. ಅಲ್ಲಿ ಈಗ ಗಂಧದ ಮರ ಹುಡುಕುವುದು ಕಷ್ಟ, ಮನೆಗಳಿವೆ. ಕಾವಲು ಮಾತ್ರ ಸಿಸಿ ಕ್ಯಾಮೆರಾಗಳ ರೂಪದಲ್ಲಿ ಉಳಿದಿದೆ.

ಕೇಂಬ್ರಿಡ್ಜ್ ಎಂದರೆ ಕ್ಯಾಮ್ ನದಿಯ ಸೇತುವೆ. ನಮಗೆ ಸುಮನಹಳ್ಳಿ ಮೇಲ್ಸೇತುವೆ ಇದೆ. ಕೆಳಗೆ ನದಿಯಿಲ್ಲ, ಮಾಗಡಿ ರಸ್ತೆಯ ವಾಹನಪ್ರವಾಹ ಇದೆ. ಕೇಂಬ್ರಿಡ್ಜಿನಲ್ಲಿ ಪ್ರವಾಸಿಗರು ಸೇತುವೆಯ ಪಕ್ಕದಿಂದ ಬಾಗಿ ನೀರು ನೋಡಬೇಕು. ಇಲ್ಲಿ 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಸೇತುವೆಯ ಮೈಯಲ್ಲೇ ತೂತು ಬಿದ್ದು, ಮೇಲಿನವರು ಬಾಗದೆಯೇ ಕೆಳಗಿನದನ್ನು ನೋಡುವ ಸೌಲಭ್ಯ ಒದಗಿತ್ತು. ಈಗ ಮುಚ್ಚಿದ್ದಾರೆ.

ವಿದ್ಯಾಪೀಠ

ಪಟ್ಟಣವಿದೆ, ವಿಶ್ವವಿದ್ಯಾಲಯವೆಲ್ಲಿ ಎಂಬವರಿಗೆ ಸಮಾಧಾನ: ದಕ್ಷಿಣಕ್ಕೆ ಕೆಲವೇ ಕಿಲೋಮೀಟರು. 1916ರ ಮೈಸೂರು ವಿಶ್ವವಿದ್ಯಾಲಯದ ಮಡಿಲಿನಿಂದ, 1858ರಷ್ಟು ಹಳೆಯ ಸೆಂಟ್ರಲ್ ಕಾಲೇಜನ್ನೂ ವಿಶ್ವೇಶ್ವರಯ್ಯನವರ 1917ರ ಎಂಜಿನಿಯರಿಂಗ್ ಕಾಲೇಜನ್ನೂ ಎತ್ತಿಕೊಂಡು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆ ಮನೆ ಮಾಡಿತು. 1973ರಲ್ಲಿ ಸುಮಾರು 1,100 ಎಕರೆಯ ಜ್ಞಾನಭಾರತಿಗೆ ಬಂತು. ಮುಂದೆ ಮಕ್ಕಳು ದೊಡ್ಡವರಾದ ಮೇಲೆ ಅವಿಭಕ್ತ ಕುಟುಂಬಗಳಲ್ಲಿ ಆಗುವಂತೆ ಮೂರು ಪಾಲಾಯಿತು, ಸೆಂಟ್ರಲ್ ಕಾಲೇಜು ಇನ್ನೊಬ್ಬರ ಪಾಲಿಗೆ ಹೋಯಿತು. ಸುತ್ತಲೂ ಕುಲಬಾಂಧವರಿದ್ದಾರೆ: ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಹಾಗೂ ರಾಷ್ಟ್ರೀಯ ಕಾನೂನು ಶಾಲೆ, ಎರಡೂ ನಾಗರಭಾವಿಯಲ್ಲಿ. ಬೆಳಿಗ್ಗೆ ಆರಕ್ಕೆ ಜ್ಞಾನಭಾರತಿಯ ಮರಗಳ ಕೆಳಗೆ ವಾಕಿಂಗ್ ಮಾಡುವವರನ್ನು ಕಂಡರೆ ನಾಲಂದಾದ ಭಿಕ್ಷುಗಳ ನೆನಪಾಗುತ್ತದೆ. ಚರ್ಚೆಯ ವಿಷಯ ಮಾತ್ರ ಶೂನ್ಯತೆಯಲ್ಲ, ಶುಗರ್ರು.

ಒಂದು ಸಂಗತಿಯನ್ನು ಅಣಕವಿಲ್ಲದೆ ಹೇಳಬೇಕು. ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಪವಾಡಪುರುಷರಿಗೆ ಸಮಿತಿಯ ಮುಂದೆ ಬಂದು ತೋರಿಸಿ ಎಂದು ಆಹ್ವಾನವಿತ್ತ ವಿಶ್ವವಿದ್ಯಾಲಯವನ್ನು ಐತಿಹಾಸಿಕ ಎನ್ನಲು ಇನ್ನೇನು ಬೇಕು? ಹಾಗೆಯೇ ಮಲ್ಲತ್ತಹಳ್ಳಿಯ ಕಲಾಗ್ರಾಮ. ಇದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಕೇಂದ್ರವನ್ನು ಬೆಳೆಸಿದ ಜಿ.ಎಸ್. ಶಿವರುದ್ರಪ್ಪನವರ ಅಂತ್ಯಸಂಸ್ಕಾರ 2013ರಲ್ಲಿ, ಯು.ಆರ್. ಅನಂತಮೂರ್ತಿಯವರದು 2014ರಲ್ಲಿ ನಡೆದದ್ದು ಅಲ್ಲಿಯೇ. ನೋಡುವಂಥದ್ದು ಏನೂ ಇಲ್ಲ ಎನ್ನುವ ಈ ದಿಕ್ಕಿನಲ್ಲಿ ಅಂಥ ಎರಡು ಜಾಗಗಳಿವೆ.

ಕ್ಷೇತ್ರಕಾರ್ಯ

ಇಷ್ಟನ್ನು ಮನೆಯಲ್ಲೇ ಬರೆದಿದ್ದರಿಂದ, ಕ್ಷೇತ್ರಕಾರ್ಯಕ್ಕೆ ಉಳಿದದ್ದು ಸುಂಕದಕಟ್ಟೆ ಮಾತ್ರ. ಮೊದಲ ವಕ್ತೃ, ಬಸ್‌ಸ್ಟಾಪಿನ ಪಕ್ಕದ ಟೀ ಅಂಗಡಿಯವರು.

“ಇಲ್ಲಿ ನೋಡುವಂಥದ್ದು ಏನಿದೆ ಅಣ್ಣಾ?”

“ಸೈಟಾ ಸಾರ್?” ಎಂದರು ಅವರು, ಲೋಟ ತೊಳೆಯುತ್ತಲೇ. “ಯಾವ ಅಳತೆ?”

ಪ್ರಬಂಧದ ತಿರುವು ಇದು. ಇಂಗ್ಲಿಷಿನವರು ‘ನೋಟ’ಕ್ಕೂ ‘ನಿವೇಶನ’ಕ್ಕೂ ಎರಡು ಬೇರೆ ಕಾಗುಣಿತ ಇಟ್ಟುಕೊಂಡು ಒದ್ದಾಡುತ್ತಾರೆ. ಕನ್ನಡ ಲಿಪಿಯಲ್ಲಿ ಎರಡೂ ‘ಸೈಟ್’. ಭಾನುವಾರ ಸುಂಕದಕಟ್ಟೆಯ ಕಡೆಗೆ ಸಂಸಾರ ಸಮೇತ ಬರುವವರೆಲ್ಲ ‘ಸೈಟ್ ಸೀಯಿಂಗ್’ಗೇ ಬರುವವರು. ಐದು ನಿಮಿಷದಲ್ಲಿ ಒಬ್ಬ ಗೈಡೂ ಸಿಕ್ಕಿದರು. ಸ್ಥಳೀಯ ಪರಿಭಾಷೆಯಲ್ಲಿ ಅವರನ್ನು ಮೀಡಿಯೇಟರ್ ಎನ್ನುತ್ತಾರೆ.

“ಬನ್ನಿ ಸಾರ್, 20-30, ಈಸ್ಟ್ ಫೇಸಿಂಗು. ಮುಂದ್ಗಡೆ 30 ಅಡಿ ರೋಡ್ ಬರುತ್ತೆ. ಕಾವೇರಿ ಬರುತ್ತೆ. ಮೆಟ್ರೊ ಬರುತ್ತೆ. ಖಾತಾನೂ ಬರುತ್ತೆ.”

ಕನ್ನಡದ ‘ಬರುತ್ತೆ’ಗೆ ವರ್ತಮಾನವೂ ಅರ್ಥ, ಭವಿಷ್ಯವೂ ಅರ್ಥ. ಮಾರುವವನು ಒಂದು ಕಾಲದಲ್ಲಿ ಹೇಳುತ್ತಾನೆ, ಕೊಳ್ಳುವವನು ಇನ್ನೊಂದು ಕಾಲದಲ್ಲಿ ಕೇಳಿಸಿಕೊಳ್ಳುತ್ತಾನೆ. ಪಶ್ಚಿಮ ಬೆಂಗಳೂರಿನ ಅರ್ಧಭಾಗ ಈ ಒಂದು ಕ್ರಿಯಾಪದದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಮೆಟ್ರೊ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ: 2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ 12.5 ಕಿಲೋಮೀಟರಿನ ಮಾರ್ಗವಿದೆ, ಒಂಬತ್ತು ನಿಲ್ದಾಣಗಳಲ್ಲಿ ಸುಂಕದಕಟ್ಟೆಯೂ ಒಂದು. ಬರುತ್ತೆ.

ನಮ್ಮ ಜೊತೆ ಇನ್ನೊಂದು ಜೋಡಿ ಬಂದಿತ್ತು. ಗಂಡನಿಗೆ ಪೀಣ್ಯದಲ್ಲಿ ಲೇತ್ ಕೆಲಸ, ಹೆಂಡತಿ ಗಾರ್ಮೆಂಟ್ಸಿಗೆ ಹೋಗುವವರು. ಗಂಡ ಕಾಗದಪತ್ರದ ಮಾತು ಕೇಳುತ್ತಿದ್ದಾಗ ಆಕೆ ಸುಣ್ಣ ಬಳಿದ ನಾಲ್ಕು ಕಲ್ಲುಗಳ ನಡುವೆ ಒಬ್ಬರೇ ಹೋಗಿ ನಿಂತರು. ಕಾಲಿನಿಂದ ಒಂದು ಗೆರೆ ಎಳೆದರು. “ಇಲ್ಲಿ ಒಲೆ,” ಎಂದರು. ನಾಲ್ಕು ಹೆಜ್ಜೆ ಹಿಂದೆ ಬಂದು, ತಿರುಗಿ, “ಕಿಟಕಿ ಈ ಕಡೆ.” ಸಂಶೋಧಕನು ಹಂಪಿಯನ್ನು ನೋಡಿದ್ದಾನೆ, ಹಳೇಬೀಡನ್ನು ನೋಡಿದ್ದಾನೆ. ಇಲ್ಲದ ಗೋಡೆಯನ್ನು ಅಷ್ಟು ಹೊತ್ತು ನೋಡುತ್ತ ನಿಂತವರನ್ನು ಅಲ್ಲಿ ಕಂಡಿರಲಿಲ್ಲ. ಈ ಅಂಶವನ್ನು ಯಾವ ಅಧ್ಯಾಯಕ್ಕೆ ಸೇರಿಸಬೇಕೆಂದು ತಿಳಿಯದೆ ಇಲ್ಲಿಯೇ ಬಿಡಲಾಗಿದೆ.

ಸುತ್ತಲಿನ ಉಳಿದ ಸ್ಥಳಗಳು ಚಿಕ್ಕದಾಗಿ: ಅದೇ ರಸ್ತೆಯಲ್ಲಿ ಮುಂದೆ ಹೋದರೆ ಅರ್ಕಾವತಿ, ಕುಮುದ್ವತಿಗಳು ಕೂಡುವಲ್ಲಿನ ತಿಪ್ಪಗೊಂಡನಹಳ್ಳಿ ಜಲಾಶಯ, ಮಾಗಡಿಯ ರಂಗನಾಥ, ಸಾವನದುರ್ಗದ ಬಂಡೆ. ರಾಮೋಹಳ್ಳಿಯ ಕಡೆ ಮೂರು ಎಕರೆ ಹರಡಿದ ದೊಡ್ಡ ಆಲದ ಮರ. ಅದರ ಮೂಲ ಕಾಂಡ 2000ದ ದಶಕದಲ್ಲಿ ರೋಗಕ್ಕೆ ತುತ್ತಾಯಿತು, ಬಿಳಲುಗಳೇ ಮರವಾಗಿ ನಿಂತಿವೆ. ಇವನ್ನೆಲ್ಲ ಎಲ್ಲರೂ ಬರೆದಿದ್ದಾರೆ.

ಉಪಸಂಹಾರಕ್ಕೆ ಅಡ್ಡಿ

ಸಂಸ್ಕೃತ ಶಾಸ್ತ್ರಗಳಲ್ಲಿ ‘ಘಟ್ಟಕುಟೀಪ್ರಭಾತ ನ್ಯಾಯ’ ಎಂಬುದೊಂದಿದೆ. ಸುಂಕ ತಪ್ಪಿಸಲು ವರ್ತಕನೊಬ್ಬ ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದು, ಬೆಳಗಾಗುವ ಹೊತ್ತಿಗೆ ಸುಂಕದ ಗುಡಿಸಲಿನ ಮುಂದೆಯೇ ಬಂದು ನಿಂತನಂತೆ. ಆ ನ್ಯಾಯದ ನೆನಪು ಸಂಶೋಧಕನಿಗೆ ಸ್ವಲ್ಪ ತಡವಾಗಿ ಬಂತು.

ಆಗಿದ್ದು ಇಷ್ಟೆ. ಮಧ್ಯಾಹ್ನ ನಾಲ್ಕಕ್ಕೆ ಜ್ಞಾನಭಾರತಿಯನ್ನೂ ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ಸ್ಕೂಟರ್ ಹತ್ತಿದನು. ಮುಖ್ಯರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು. ಮೊಬೈಲಿನ ಮ್ಯಾಪು ಶ್ರೀಗಂಧದ ಕಾವಲಿನ ಒಳಗಡೆಯಿಂದ ಒಂದು ನೀಲಿ ಗೆರೆ ತೋರಿಸಿ 14 ನಿಮಿಷ ಎಂದಿತು. ಮೊದಲ ತಿರುವಿನಲ್ಲಿ ಶಾಮಿಯಾನ, ಮದುವೆಯೂಟ. ಎರಡನೆಯದರಲ್ಲಿ ಅಗೆದ ಪೈಪು. ಮೂರನೆಯ ರಸ್ತೆ ಒಬ್ಬರ ಕಾಂಪೌಂಡಿನಲ್ಲಿ ಮುಗಿಯಿತು. ಮ್ಯಾಪಿನಲ್ಲಿ ಅದು ಅವರ ಮನೆಯನ್ನು ಸೀಳಿಕೊಂಡು ಮುಂದೆ ಹೋಗುತ್ತಿತ್ತು. ಒಬ್ಬ ಅಜ್ಜಿ, “ಹಿಂಗೇ ಹೋಗಪ್ಪ, ಮಾರಮ್ಮನ ಗುಡಿ ತಾವ ಬಲಕ್ಕೆ,” ಎಂದರು. ಎರಡು ಮಾರಮ್ಮನ ಗುಡಿ ಸಿಕ್ಕವು. ಮುದ್ದಿನಪಾಳ್ಯ ಎಂಬ ಬೋರ್ಡು ಒಮ್ಮೆ ಎಡಗಡೆ, ಕಾಲು ಗಂಟೆಯ ನಂತರ ಬಲಗಡೆ ಕಂಡಿತು. ಬೀದಿದೀಪ ಹೊತ್ತಿಕೊಂಡವು. ಕೊನೆಗೊಂದು ಅಗಲವಾದ ರಸ್ತೆ, ಜನ, ಹಾರನ್ನು. ಇದೇ ಜ್ಞಾನಭಾರತಿಯ ಮಹಾದ್ವಾರ ಎಂದುಕೊಂಡು ಸಂಶೋಧಕನು ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದನು.

ಎದುರಿಗೆ ಅದೇ ಅಂಗಡಿ. ಅವರು ಕೇಳದೆಯೇ ಒಂದು ಟೀ ಮುಂದಿಟ್ಟು, ಲೋಟ ತೊಳೆಯುವುದನ್ನು ಮುಂದುವರಿಸಿದರು.

“ಸೈಟ್ ಸೆಟ್ಲಾಯ್ತಾ ಸಾರ್?”