ಸ್ಪೀಕರ್ ಹೊಸದು, ಬಾಗಿಲು ಹಳೇದು

ಎದುರುಮನೆ ರಾಯರ ಸ್ವಿಫ್ಟ್ ಕಾರಿನ ಬಾಗಿಲಿಗೆ ಬೆಳಗ್ಗೆಯಿಂದ ಒಳಮೈಯೇ ಇಲ್ಲ, ನೋಡಿದಿರಾ? ಡೋರ್ ಪ್ಯಾಡು ಜಗಲಿಗೆ ಒರಗಿ ಕೂತಿದೆ. ತಗಡು, ವೈರು, ಗಾಜು ಎತ್ತೋ ಸಲಕರಣೆ ಎಲ್ಲ ಬೀದಿಗೆ ಕಾಣ್ತಿದೆ. ಮಗ ಜೆ.ಸಿ. ರಸ್ತೆಯಿಂದ ಆರೂವರೆ ಇಂಚಿನ ಸ್ಪೀಕರ್ ತಂದಿದ್ದಾನಂತೆ. ಕೂರಿಸೋದಕ್ಕೆ ಅಂಗಡಿಯವನಿಗೆ ಯಾಕೆ ದುಡ್ಡು, ನಾನೇ ಮಾಡ್ತೀನಿ ಅಂತ ಹಟ. ಮಾಡಲಿ ಬಿಡಿ. ಸ್ಕ್ರೂಡ್ರೈವರ್ ಹಿಡಿಯೋ ಹುಡುಗರು ಈಗ ಸಿಗೋದೇ ಕಷ್ಟ, ಅಲ್ವಾ?

ಸುಮ್ಮನಿರಲಾರದೆ ಹೋಗಿ ಡಬ್ಬ ತಿರುಗಿಸಿ ನೋಡಿದೆ. ‘300 ವ್ಯಾಟ್’ ಅಂತ ದಪ್ಪಕ್ಷರ. ಕೆಳಗೆ, ಕನ್ನಡಕ ಏರಿಸಿದರೆ ಮಾತ್ರ ಕಾಣೋ ಹಾಗೆ, ಆರ್‌ಎಂಎಸ್ 50. ನಿಜವಾಗಿ ನಂಬಬೇಕಾದದ್ದು ಆ ಸಣ್ಣಕ್ಷರವನ್ನೇ. ಹಳೇ ಟೇಪ್‌ರೆಕಾರ್ಡರ್ ಮೇಲೆ ಪಿಎಂಪಿಓ ಅಂತ ಬರೀತಿದ್ದರಲ್ಲ, ನೆನಪಿದೆಯಾ? ಮೊಳದುದ್ದದ ಪ್ಲಾಸ್ಟಿಕ್ ಪೆಟ್ಟಿಗೆಗೆ ಸಾವಿರ ವ್ಯಾಟು! ನಮ್ಮ ಸೋದರಮಾವ ಅದನ್ನ ಅಕ್ಷರಶಃ ನಂಬಿದ್ದರು. ಬಚ್ಚಲಲ್ಲಿ ಹೀಟರ್ ಹಾಕಿದಾಗೆಲ್ಲ ಓಡಿಬಂದು ಟೇಪ್ ಆರಿಸೋರು, ಎರಡೂ ಸೇರಿದರೆ ಮನೆ ಫ್ಯೂಸ್ ಹಾರಿಹೋಗುತ್ತೆ ಅಂತ. ಹಾಡು ಅರ್ಧಕ್ಕೇ ನಿಲ್ಲೋದು, ಅತ್ತೆಗೆ ಸಿಟ್ಟು ನೆತ್ತಿಗೇರೋದು...

ಕಾರಿನ ಸ್ಟೀರಿಯೋ ಮೇಲಿರೋ ‘50×4’ ಕೂಡ ಅದೇ ವಂಶದ್ದು. ಎಂಜಿನ್ ಓಡುವಾಗ ಸಿಗೋದೇ 14 ವೋಲ್ಟಿನ ಆಸುಪಾಸು. ಅಷ್ಟರಲ್ಲಿ 4 ಓಮ್ ಸ್ಪೀಕರಿಗೆ ಒಡಕಿಲ್ಲದ ದನಿ ಬೇಕೆಂದರೆ ಒಂದೊಂದಕ್ಕೆ 20 ವ್ಯಾಟ್ ದಕ್ಕಿದರೆ ಹೆಚ್ಚು. ಆಂಪ್ಲಿಫೈಯರ್ ಹಾಕೋ ಯೋಚನೆ ಇಲ್ಲದವರು ಡಬ್ಬದ ಮೇಲೆ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ ನೋಡಬೇಕು. ಅಲ್ಲಿ 3 ಡೆಸಿಬೆಲ್ ಜಾಸ್ತಿ ಇದ್ದರೆ ಅರ್ಧ ಪವರಿಗೇ ಅಷ್ಟು ಸದ್ದು ಬರುತ್ತೆ. ಇದನ್ನ ಅಂಗಡಿಯಲ್ಲಿ ಯಾರೂ ತಾವಾಗಿ ಹೇಳಲ್ಲ, ಕೇಳಬೇಕು.

ಇನ್ನು ವೈರಿನ ಬಣ್ಣ. ಹೊರಗಡೆ ಕೊಳ್ಳೋ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಬಿಳಿ ಅಂದರೆ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಮೈಮೇಲೆ ಕಪ್ಪು ಗೆರೆ ಇದ್ದದ್ದು ಮೈನಸ್. ಯಾವ ಪುಣ್ಯಾತ್ಮ ಕೂತು ಹಂಚಿದನೋ! ಕಾರಿನ ಕಂಪನಿಯವರ ಬಣ್ಣಗಳೇ ಬೇರೆ, ಅದಕ್ಕೇ ವೈರು ಕತ್ತರಿಸದೆ ಕಾರಿಗೆ ಹೊಂದೋ ಕಪ್ಲರ್ ತಂದು ಸಿಕ್ಕಿಸೋದು ಲೇಸು. ವಾರಂಟಿಗೂ ತಕರಾರು ಬರಲ್ಲ.

ಪ್ಲಸ್ ಮೈನಸ್ ಅನುಮಾನ ಬಂದರೆ ಗೋಡೆ ಗಡಿಯಾರದ ಸೆಲ್ ಸಾಕು. ಸ್ಪೀಕರಿನ ಎರಡು ಕಡ್ಡಿಗೆ ಕ್ಷಣಮಾತ್ರ ಮುಟ್ಟಿಸಿ. ಕೋನು ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಡ್ಡಿಯೇ ಪ್ಲಸ್, ಒಳಗೆ ಹೋದರೆ ತಿರುವುಮುರುವು. ಎಡಬಲದಲ್ಲಿ ಒಂದು ಉಲ್ಟಾ ಆಯ್ತೋ, ಒಂದು ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತೆ. ತಬಲಾದ ಡಗ್ಗಾ ಸದ್ದೇ ನಾಪತ್ತೆ, ಹಾಡುವವರ ಕಂಠ ಎಲ್ಲಿಂದ ಬರ್ತಿದೆ ಅಂತಲೂ ತಿಳಿಯಲ್ಲ. ಜನ ಆಗ ಸ್ಪೀಕರೇ ಡೂಪ್ಲಿಕೇಟು ಅಂತ ಅಂಗಡಿಯವನಿಗೆ ಶಾಪ ಹಾಕ್ತಾರೆ.

ಸದ್ದಿನ ಮಾತಿಗೆ ನೆನಪಾಯ್ತು. ಕಬ್ಬು ಕಟಾವಿನ ಹೊತ್ತಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ರಾತ್ರಿ ಹೋಗಿದ್ದೀರಾ? ಟ್ರಾಕ್ಟರ್ ಕಾಣೋ ಮೊದಲೇ ಹಾಡು ಬಂದಿರುತ್ತೆ. ಹೆಣ್ಣಿನ ಮನೆ ಕಾರ್ಯಕ್ಕೂ ಅಷ್ಟು ದೊಡ್ಡ ಪೆಟ್ಟಿಗೆ ತರಿಸಲ್ಲ. ನಿದ್ದೆ ತೂಗಬಾರದು ಅನ್ನೋದು ಡ್ರೈವರನ ಸಮಜಾಯಿಷಿ, ಅದೂ ಸರಿಯೇ. ಹಿಂದಿನ ಬಸ್ಸಿನವನ ಹಾರನ್ ಮಾತ್ರ ಅವನಿಗೆ ಕೇಳಿಸಲ್ಲ. ಆದರೂ ಒಂದು ಮಾತು: ಅವನ ಸ್ಪೀಕರು ಮರದ ಪೆಟ್ಟಿಗೆಯೊಳಗೆ ಭದ್ರವಾಗಿ ಕೂತಿರುತ್ತೆ. ಸದ್ದಿನ ಗುಟ್ಟು ಅರ್ಧ ಅಲ್ಲೇ ಇದೆ.

ಕಾರಿನಲ್ಲಿ ಪೆಟ್ಟಿಗೆ ಎಲ್ಲಿ? ಬಾಗಿಲೇ ಪೆಟ್ಟಿಗೆ, ಅದೂ ಎಂಥದ್ದು, ಬರೀ ತೂತು! ಗಾಜಿನ ಮೋಟಾರು ಬಿಚ್ಚೋದಕ್ಕೆ ಅಂತ ಒಳತಗಡಿನಲ್ಲಿ ಕೈ ತೂರುವಷ್ಟು ಕಂಡಿ ಬಿಟ್ಟಿರ್ತಾರೆ. ಕೋನಿನ ಬೆನ್ನ ಹಿಂದಿನ ಗಾಳಿ ಆ ಕಂಡಿಯಿಂದ ಸುತ್ತಿ ಮುಂದೆ ಬಂದು ಮುಂದಿನ ಗಾಳಿಯನ್ನೇ ತಿಂದುಹಾಕುತ್ತೆ. ಬೇಸ್ ಬರಲ್ಲ. ಆಗ ನಮ್ಮ ಜನ ಇನ್ನೂ ದುಬಾರಿ ಸ್ಪೀಕರ್ ತರೋದು, ಸೀಟಿನಡಿ ವೂಫರ್ ತುರುಕೋದು!

ಕಂಡಿಗಳ ಮೇಲೆ ಕಂಪನಿಯವರು ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ. ರಾಯರ ಮಗ ಅದನ್ನ ಪ್ಯಾಕಿಂಗ್ ಅಂದುಕೊಂಡು ಕಿತ್ತು ಬಿಸಾಡೋದರಲ್ಲಿದ್ದ. ತಡೆದೆ. ಮಳೆನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದೇ ಇಳಿಯುತ್ತೆ, ಅಡಿಯ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತೆ. ಆ ಹಾಳೆ ಇಲ್ಲದಿದ್ದರೆ ಒಳಬಂದ ನೀರು ಡೋರ್ ಪ್ಯಾಡಿಗೆ, ಅಲ್ಲಿಂದ ಕಾಲಡಿ ಮ್ಯಾಟಿಗೆ. ದೊಡ್ಡ ಕಂಡಿಗಳನ್ನ ಡ್ಯಾಂಪಿಂಗ್ ಶೀಟಿನಿಂದ ಮುಚ್ಚಬಹುದು, ಅಡಿಯ ನೀರಿನ ತೂತನ್ನ ಮಾತ್ರ ಯಾವ ಕಾರಣಕ್ಕೂ ಮುಚ್ಚಕೂಡದು. ಬಾಗಿಲು ತುಕ್ಕು ಹಿಡಿಯೋದು ಅಲ್ಲಿಂದಲೇ ಶುರು. ಹೊರತಗಡಿಗೆ ಪೂರ್ತಿ ಶೀಟು ಮೆತ್ತೋದೂ ಬೇಕಿಲ್ಲ, ನಡುಭಾಗಕ್ಕೆ ಒಂದಿಷ್ಟು ಅಂಟಿಸಿದರೆ ತಗಡಿನ ಝೇಂಕಾರ ನಿಲ್ಲುತ್ತೆ. ಪ್ಯಾಡ್ ಮುಚ್ಚೋ ಮೊದಲು ಗಾಜು ಪೂರ್ತಿ ಇಳಿಸಿ ನೋಡಿ ಅಂತಲೂ ಹೇಳಿಬಂದೆ. ಹೊಸ ಸ್ಪೀಕರಿನ ಮ್ಯಾಗ್ನೆಟ್ಟು ದಪ್ಪ, ಗಾಜಿಗೆ ತಾಗಿದರೆ ಆಮೇಲೆ ಎಲ್ಲ ಮತ್ತೆ ಬಿಚ್ಚಬೇಕು.

ನನ್ನ ಕೇಳಿದರೆ ದುಡ್ಡು ಮೊದಲು ಬಾಗಿಲಿಗೆ, ಆಮೇಲೆ ಸ್ಪೀಕರಿಗೆ. ಆಂಪ್ಲಿಫೈಯರ್ ಮಾತು ಬರೋ ವರ್ಷ ನೋಡೋಣ. ನೀವೂ ಕೈಹಾಕೋದಾದರೆ ಬ್ಯಾಟರಿಯ ಮೈನಸ್ ಕಳಚಿ ಶುರುಮಾಡಿ, ಡೋರ್ ಪ್ಯಾಡ್ ಕ್ಲಿಪ್ಪು ಒಂದು ಹಿಡಿ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಅವು ಮುರಿಯೋದಕ್ಕೇ ಹುಟ್ಟಿದವು.